ವೀರಗಲ್ಲು ಮತ್ತು ವಿಕ್ಟೋರಿಯಾ ಕ್ರಾಸ್

ಬಿಡದಿ ಕೈಗಾರಿಕಾ ಪ್ರದೇಶದ ಆಸುಪಾಸಿನವರ ಜೊತೆ ವೀರಗಲ್ಲಿನ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: “ಇದು ಆ ಕಾಲದ ಪರಮವೀರ ಚಕ್ರ ಇದ್ದಂಗಾ ಸಾರ್?” ಅರ್ಧ ಹೌದು, ಅರ್ಧ ಅಲ್ಲ. ಮೈಸೂರಿನ ನಂಟಿದ್ದ ಬ್ರಿಟಿಷ್ ಅಧಿಕಾರಿಯೊಬ್ಬನ ಪದಕದ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಹ್ಯಾರಿ ಪ್ರೆಂಡರ್‌ಗಾಸ್ಟ್ ಹುಟ್ಟಿದ್ದು 1834ರಲ್ಲಿ, ಮದರಾಸಿನಲ್ಲಿ. ಮದ್ರಾಸ್ ಎಂಜಿನಿಯರ್ಸ್ ಪಡೆಯ ಲೆಫ್ಟಿನೆಂಟ್. 1857ರ ನವೆಂಬರ್ 21ರಂದು ಮಧ್ಯಭಾರತದ ಮಂದಸೌರ್‌ನಲ್ಲಿ ಎದುರಾಳಿಯೊಬ್ಬ ಲೆಫ್ಟಿನೆಂಟ್ ಡ್ಯೂ ಬೆನ್ನಿಗೆ ಕೆಲವೇ ಹೆಜ್ಜೆ ದೂರದಿಂದ ಬಂದೂಕು ಹಿಡಿದಿದ್ದ. ಪ್ರೆಂಡರ್‌ಗಾಸ್ಟ್ ಅವನನ್ನು ಕಡಿಯಲು ನುಗ್ಗಿ ಗುಂಡೇಟು ತಿಂದ. ಮೇಜರ್ ಆರ್ ಬಂದು ಬಂದೂಕಿನವನನ್ನು ಕೊಂದ. 1859ರ ಅಕ್ಟೋಬರ್‌ನಲ್ಲಿ ಲಂಡನ್ ಗೆಜೆಟ್ ವಿಕ್ಟೋರಿಯಾ ಕ್ರಾಸ್ ಪ್ರಕಟಿಸಿತು. ಮುಂದೆ 1887ರಲ್ಲಿ, ಮತ್ತೆ 1891–92ರಲ್ಲಿ ಆತ ಮೈಸೂರಿನ ರೆಸಿಡೆಂಟ್ ಆದ.

ಆ ಗೆಜೆಟ್ ಬರಹವನ್ನು ಶಾಸನದಂತೆ ಓದಿ ನೋಡಿ. ದಿನ, ಸ್ಥಳ, ವೀರನ ಹೆಸರು, ಮಾಡಿದ ಸಾಹಸ ಎಲ್ಲವೂ ಇವೆ. ಬರಹವಿರುವ ವೀರಗಲ್ಲುಗಳಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಆದರೆ ಗೆಜೆಟ್‌ನಲ್ಲಿ ಹೆಸರಿರುವುದು ಬ್ರಿಟಿಷ್ ಅಧಿಕಾರಿಗಳಿಗೆ ಮಾತ್ರ. ಸತ್ತವನು ಬರೀ ‘ವಿಲಾಯತಿ’.

ಎರಡನೆಯ ವ್ಯತ್ಯಾಸ ಇನ್ನೂ ದೊಡ್ಡದು. ಆಗ ವಿಕ್ಟೋರಿಯಾ ಕ್ರಾಸನ್ನು ಮರಣೋತ್ತರವಾಗಿ ಕೊಡುವ ಪದ್ಧತಿ ಇರಲಿಲ್ಲ. ಅದು ಬಂದದ್ದು 20ನೇ ಶತಮಾನದಲ್ಲಿ. ನಮ್ಮ ವೀರಗಲ್ಲು ನಿಲ್ಲುತ್ತಿದ್ದದ್ದೇ ಸತ್ತವನಿಗೆ. ತುರು ಬಿಡಿಸಲು ಹೋಗಿ, ಊರು ಕಾಯಲು ನಿಂತು ಮಡಿದವನಿಗೆ ಕಲ್ಲು. ಕೆಲವೊಮ್ಮೆ ಅವನ ಮನೆಯವರಿಗೆ ‘ನೆತ್ತರುಗೊಡಗೆ’ ಅಂತ ಭೂಮಿ.

ಮೂರನೆಯದು, ಅರ್ಹತೆ. ಭಾರತೀಯ ಸೈನಿಕರಿಗೆ ವಿಕ್ಟೋರಿಯಾ ಕ್ರಾಸ್ ಬಾಗಿಲು ತೆರೆದದ್ದು 1911ರಲ್ಲಿ. ಅಲ್ಲಿಯವರೆಗೆ ಅವರಿಗಿದ್ದದ್ದು 1837ರಲ್ಲಿ ಶುರುವಾದ ಆರ್ಡರ್ ಆಫ್ ಮೆರಿಟ್. ಮದ್ರಾಸ್ ಸ್ಯಾಪರ್ಸ್‌ನ ಸಿಪಾಯಿ ಅದೇ ಸಾಹಸ ಮಾಡಿದ್ದರೂ ಪ್ರೆಂಡರ್‌ಗಾಸ್ಟ್ ಪಡೆದ ಪದಕ ಅವನಿಗೆ ಸಿಗುತ್ತಿರಲಿಲ್ಲ. ವೀರಗಲ್ಲಿಗೆ ಅಂಥ ತಡೆ ಇರಲಿಲ್ಲ: ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಕಲ್ಲು ಬೆಂಗಳೂರು ಕಾಳಗದಲ್ಲಿ ಸತ್ತವನನ್ನು ನೆನೆಯುತ್ತದೆ, ಅವನು ರಾಜನಲ್ಲ.

ಪ್ರೆಂಡರ್‌ಗಾಸ್ಟ್ ಹೆಸರು ಗೆಜೆಟ್‌ನ ಪ್ರತಿಗಳಲ್ಲಿ ಭದ್ರ. ನಮ್ಮ ವೀರನಿಗೆ ಇರುವುದು ಒಂದೇ ಪ್ರತಿ, ಆ ಕಲ್ಲು. ಜೆಸಿಬಿ ಬಂತೆಂದರೆ ಅದೂ ಹೋಯಿತು. ಹಾಗಾಗಿ ಬಿಡದಿ ಕಡೆ ಲೇಔಟು, ಕಾಂಪೌಂಡು, ರಸ್ತೆ ಕೆಲಸ ಶುರುವಾಗುವ ಮುನ್ನ ಒಮ್ಮೆ ಸುತ್ತಾಡಿ. ಕಲ್ಲು ಕಂಡರೆ ಎಣ್ಣೆ, ಬಣ್ಣ, ಸುಣ್ಣ ಹಚ್ಚಬೇಡಿ. ಬೆಳಗಿನ ಓರೆ ಬಿಸಿಲಲ್ಲಿ, ಪಟ್ಟಿಕೆಗಳ ನಡುವಿನ ಅಂಚು ಕಾಣುವ ಹಾಗೆ ಫೋಟೊ ತೆಗೆಯಿರಿ. ಅಕ್ಷರ ಇರುವುದು ಸಾಮಾನ್ಯವಾಗಿ ಅಲ್ಲೇ. ಊರು, ಸರ್ವೆ ನಂಬರು ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲನ್ನು ಮಾತ್ರ ಇದ್ದ ಜಾಗದಿಂದ ಕದಲಿಸಬೇಡಿ.