ಅಂಧರಿಗೆ ಯಾವ ಟಿವಿ ಸೂಕ್ತ? ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಣ್ಣು ಕಾಣದವರಿಗೆ ಟಿವಿ ಯಾಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ವಾರ್ತೆ, ಪ್ರವಚನ, ಸಂಗೀತ, ಕ್ರಿಕೆಟ್ ವೀಕ್ಷಕ ವಿವರಣೆ, ಧಾರಾವಾಹಿಯ ಸಂಭಾಷಣೆ ಇವೆಲ್ಲ ಬಹುಪಾಲು ಕಿವಿಯಿಂದಲೇ ತಿಳಿಯುವಂಥವು. ಮನೆಮಂದಿಯ ಜೊತೆ ಕುಳಿತು ತಾವೂ ಕೇಳಬೇಕು, ತಮಗೆ ಬೇಕಾದ ಚಾನೆಲ್ಲನ್ನು ತಾವೇ ಹಾಕಿಕೊಳ್ಳಬೇಕು ಎನ್ನುವ ಆಸೆ ಅಂಧರಿಗೂ ಸಹಜ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಸಕ್ಕರೆ ಕಾಯಿಲೆ, ಗ್ಲಾಕೋಮಾದಂಥ ಕಾರಣಗಳಿಂದ ಇಳಿವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು ನಮ್ಮ ನಮ್ಮ ಓಣಿಗಳಲ್ಲೇ ಇದ್ದಾರೆ.

ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡಿಕೊಂಡಿರುವ ನಾನು, ಬಿಡುವಿದ್ದಾಗ ಅಂಧರಿಗೆ ಬ್ಯಾಂಕು, ಆಸ್ಪತ್ರೆ, ಅಂಗಡಿಯ ಕೆಲಸಗಳಿಗೆ ಜೊತೆಯಾಗಿ ಹೋಗುತ್ತೇನೆ. ಇತ್ತೀಚೆಗೆ ಹೆಚ್ಚು ಜನ ಕೇಳುವ ಪ್ರಶ್ನೆ ಟಿವಿಯದ್ದು. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹೊಸ ಟಿವಿ ಏಕೆ ಕಷ್ಟವಾಯಿತು?

ಹಳೆಯ ಟಿವಿಯಲ್ಲಿ ಗುಂಡಿ ಒತ್ತಿದರೆ ಚಾನೆಲ್ ಬರುತ್ತಿತ್ತು. ಕೇಬಲ್ ಬಂದ ಮೇಲೂ ಚಾನೆಲ್ ಸಂಖ್ಯೆ ನೆನಪಿಟ್ಟುಕೊಂಡು ರಿಮೋಟಿನ ಅಂಕಿಗಳನ್ನು ಒತ್ತಿದರೆ ಸಾಕಾಗಿತ್ತು. ಹೆಚ್ಚಿನ ರಿಮೋಟುಗಳಲ್ಲಿ 5ರ ಗುಂಡಿಯ ಮೇಲೆ ಸಣ್ಣ ಉಬ್ಬು ಇರುತ್ತದೆ. ಅದನ್ನು ಬೆರಳಿಗೆ ಹಿಡಿದು ಉಳಿದ ಅಂಕಿಗಳನ್ನು ಲೆಕ್ಕ ಹಾಕಬಹುದು.

ಸ್ಮಾರ್ಟ್ ಟಿವಿ ಹಾಗಲ್ಲ. ಹಾಕಿದ ಕೂಡಲೇ ಪರದೆಯ ಮೇಲೆ ಚಿತ್ರಗಳ ಸಾಲು ಬರುತ್ತದೆ. ಬಾಣದ ಗುಂಡಿಯಿಂದ ಮೇಲೆ ಕೆಳಗೆ ಹೋಗಿ ಆರಿಸಬೇಕು. ಈಗ ಎಲ್ಲಿದ್ದೇವೆ ಎಂಬುದು ಕಣ್ಣಿಗೆ ಮಾತ್ರ ತಿಳಿಯುತ್ತದೆ. ಎಷ್ಟೋ ಸ್ಮಾರ್ಟ್ ಟಿವಿಗಳ ರಿಮೋಟಿನಲ್ಲಿ ಅಂಕಿಗಳೇ ಇರುವುದಿಲ್ಲ.

ನಮ್ಮ ಪರಿಚಯದ ನಿವೃತ್ತ ಸಂಗೀತ ಮೇಷ್ಟ್ರೊಬ್ಬರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಮಗ ಪ್ರೀತಿಯಿಂದ 55 ಇಂಚಿನ ಟಿವಿ ತಂದುಕೊಟ್ಟ. "ಮೊಮ್ಮಗ ಸಾಲಿಗೆ ಹೋದನಂದ್ರ ನನಗ ಟಿವಿ ಇಲ್ಲರೀ. ಮೊದಲಿನ ಡಬ್ಬಿನ ಚಲೋ ಇತ್ತು" ಎಂದರು ಅವರು. ಕೊಟ್ಟ ದುಡ್ಡು ಕಡಿಮೆಯೇನಲ್ಲ. ಆದರೆ ಅದರಿಂದ ಅವರ ಸ್ವಾತಂತ್ರ್ಯ ಹೆಚ್ಚುವ ಬದಲು ಕಡಿಮೆಯಾಗಿತ್ತು. ಹಾಗೆಂದು ಹೊಸ ಟಿವಿ ಬೇಡವೆಂದಲ್ಲ. ಸರಿಯಾದದ್ದನ್ನು ಆರಿಸಿದರೆ ಅದೇ ಸ್ಮಾರ್ಟ್ ಟಿವಿ ಹಳೆಯದಕ್ಕಿಂತ ಎಷ್ಟೋ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಾವು ಹೇಳಿದ್ದು ಕೇಳುವ ಟಿವಿ ಬೇರೆ, ಓದಿ ಹೇಳುವ ಟಿವಿ ಬೇರೆ

ಇದೊಂದು ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಅಂಗಡಿಗೆ ಹೋಗಿ "ಅಂಧರಿಗೆ ಟಿವಿ ಬೇಕು" ಎಂದರೆ ಮಾರಾಟದ ಹುಡುಗರು ಸಾಮಾನ್ಯವಾಗಿ ಮೈಕ್ ಇರುವ ರಿಮೋಟ್ ತೋರಿಸಿ, "ಇದು ಮಾತಾಡಿದ್ರ ಕೇಳ್ತೈತ್ರಿ ಸರ" ಎನ್ನುತ್ತಾರೆ. ಅದು ಧ್ವನಿ ಹುಡುಕಾಟ. ಹಾಡಿನ ಹೆಸರು ಹೇಳಿದರೆ ಹುಡುಕಿ ಕೊಡುತ್ತದೆ. ಉಪಯುಕ್ತವೇ, ಆದರೆ ಹುಡುಕಿದ ಮೇಲೆ ಪರದೆಯಲ್ಲಿ ಬಂದ ಹತ್ತು ಫಲಿತಾಂಶಗಳಲ್ಲಿ ಯಾವುದರ ಮೇಲೆ ನಿಂತಿದ್ದೇವೆ ಎಂದು ಅದು ಹೇಳುವುದಿಲ್ಲ.

ಅಂಧರಿಗೆ ಬೇಕಾದದ್ದು ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ವ್ಯವಸ್ಥೆ. ಬಾಣದ ಗುಂಡಿ ಒತ್ತಿದಂತೆಲ್ಲ "ಸೆಟ್ಟಿಂಗ್ಸ್", "ಯೂಟ್ಯೂಬ್", "ಧ್ವನಿ 20" ಎಂದು ಅದು ಹೇಳುತ್ತಾ ಹೋಗುತ್ತದೆ. ಕಂಪನಿಗೊಂದರಂತೆ ಇದಕ್ಕೆ ಹೆಸರಿದೆ:

• ಗೂಗಲ್ ಟಿವಿ, ಆಂಡ್ರಾಯ್ಡ್ ಟಿವಿಗಳಲ್ಲಿ: ಟಾಕ್‌ಬ್ಯಾಕ್
• ಸ್ಯಾಮ್‌ಸಂಗ್ ಟಿವಿಗಳಲ್ಲಿ: ವಾಯ್ಸ್ ಗೈಡ್
• ಎಲ್‌ಜಿ ಟಿವಿಗಳಲ್ಲಿ: ಆಡಿಯೊ ಗೈಡೆನ್ಸ್
• ಅಮೆಜಾನ್ ಫೈರ್ ಟಿವಿಯಲ್ಲಿ: ವಾಯ್ಸ್‌ವ್ಯೂ
• ಆಪಲ್ ಟಿವಿಯಲ್ಲಿ: ವಾಯ್ಸ್‌ಓವರ್

ಇವೆಲ್ಲ ಸೆಟ್ಟಿಂಗ್ಸ್ ಒಳಗಿನ 'ಆಕ್ಸೆಸಿಬಿಲಿಟಿ' ವಿಭಾಗದಲ್ಲಿ ಇರುತ್ತವೆ. ಇದಕ್ಕೆ ಬೇರೆ ದುಡ್ಡಿಲ್ಲ. ಅಲ್ಪದೃಷ್ಟಿಯವರಿಗಾಗಿ ಅಕ್ಷರ ದೊಡ್ಡದು ಮಾಡುವ, ಬಣ್ಣಗಳ ವ್ಯತ್ಯಾಸ ಗಾಢವಾಗಿಸುವ ಸೌಲಭ್ಯಗಳೂ ಕೆಲವು ಟಿವಿಗಳಲ್ಲಿ ಅಲ್ಲೇ ಸಿಗುತ್ತವೆ.

ಇವು ಟಿವಿಯೊಳಗೆ ಬಂದುದಕ್ಕೆ ಒಂದು ಹಿನ್ನೆಲೆಯಿದೆ. ಅಮೆರಿಕದಲ್ಲಿ 2010ರಲ್ಲಿ ಬಂದ ಒಂದು ಕಾನೂನು ಮತ್ತು ಅದರ ನಿಯಮಗಳಿಂದಾಗಿ, 2016ರ ಡಿಸೆಂಬರ್‌ನಿಂದ ಅಲ್ಲಿ ಟಿವಿ ಮತ್ತು ಸೆಟ್‌ಟಾಪ್ ಬಾಕ್ಸುಗಳ ಮೆನು ಅಂಧರಿಗೂ ಬಳಸುವಂತೆ ಇರಬೇಕಾಯಿತು. ದೊಡ್ಡ ಕಂಪನಿಗಳು ಎಲ್ಲ ದೇಶಗಳಿಗೂ ಹೆಚ್ಚುಕಡಿಮೆ ಒಂದೇ ತಂತ್ರಾಂಶ ಬಳಸುವುದರಿಂದ ಅದರ ಫಲ ನಮಗೂ ದೊರೆತಿದೆ.

ಸೆಟ್‌ಟಾಪ್ ಬಾಕ್ಸ್ ಎಂಬ ತೊಡಕು

ಟಿವಿ ಓದಿ ಹೇಳುತ್ತದೆಂದು ಸಂತೋಷಪಟ್ಟು ಮನೆಗೆ ತಂದವರು ಮೊದಲು ಎಡವುವುದು ಇಲ್ಲಿ. ಡಿಟಿಎಚ್ ಅಥವಾ ಕೇಬಲ್ ಬಾಕ್ಸನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದಾಗ, ಬಾಕ್ಸಿನ ಮೆನು ಟಿವಿಯ ಪಾಲಿಗೆ ಬರೀ ಒಂದು ಚಿತ್ರ. ಅದರೊಳಗಿನ ಅಕ್ಷರಗಳನ್ನು ಟಿವಿಯ ಸ್ಕ್ರೀನ್ ರೀಡರ್ ಓದಲಾರದು. ಬಾಕ್ಸ್ ತಾನೇ ಮಾತಾಡಬೇಕು. ಸಾಮಾನ್ಯ ಬಾಕ್ಸುಗಳಲ್ಲಿ ಆ ಸೌಲಭ್ಯ ಕಾಣುವುದು ಅಪರೂಪ.

ಇದಕ್ಕೆ ಮೂರು ದಾರಿಗಳಿವೆ. ಒಂದು, ಸಾಮಾನ್ಯ ಬಾಕ್ಸನ್ನೇ ಇಟ್ಟುಕೊಂಡು ಚಾನೆಲ್ ಸಂಖ್ಯೆಗಳಿಂದ ನಡೆಸುವುದು. ಬೇಕಾದ ಹತ್ತು ಹದಿನೈದು ಚಾನೆಲ್‌ಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ಕಂಪನಿ ಸಂಖ್ಯೆ ಬದಲಿಸಿದಾಗ ಮಾತ್ರ ಯಾರಾದರೂ ಹೊಸ ಪಟ್ಟಿ ಓದಿ ಹೇಳಬೇಕು. ಎರಡು, ಆಂಡ್ರಾಯ್ಡ್ ಆಧಾರಿತ ಬಾಕ್ಸ್ ತೆಗೆದುಕೊಳ್ಳುವುದು. ಏರ್‌ಟೆಲ್ ಎಕ್ಸ್‌ಟ್ರೀಮ್, ಟಾಟಾ ಪ್ಲೇ ಬಿಂಜ್ ಪ್ಲಸ್ ಈ ಜಾತಿಯವು. ಇವುಗಳಲ್ಲಿಯೂ ಟಾಕ್‌ಬ್ಯಾಕ್ ಇದೆಯೇ, ಚಾನೆಲ್ ಪಟ್ಟಿಯನ್ನು ಓದುತ್ತದೆಯೇ ಎಂದು ಹಾಕಿಸಿಯೇ ನೋಡಬೇಕು. ಮೂರು, ಬಾಕ್ಸಿನ ಗೋಜೇ ಬೇಡವೆಂದು ಇಂಟರ್‌ನೆಟ್ ಮೂಲಕ ಆ್ಯಪ್‌ಗಳಲ್ಲೇ ಕೇಳುವುದು. ಮನೆಯಲ್ಲಿ ವೈಫೈ ಚೆನ್ನಾಗಿದ್ದರೆ ಇದು ಸಲೀಸು.

ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ?

ಟಿವಿ ಬಳಸುವವರನ್ನೇ ಕರೆದುಕೊಂಡು ಹೋಗಿ, ರಿಮೋಟನ್ನು ಅವರ ಕೈಗೇ ಕೊಡಿ. ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಹೋದರೆ ಸಮಾಧಾನದಿಂದ ನೋಡಬಹುದು. ನಾನು ಜೊತೆಗೆ ಹೋದಾಗ ಪರೀಕ್ಷಿಸುವುದು ಇವಿಷ್ಟು:

1. ಆಕ್ಸೆಸಿಬಿಲಿಟಿಗೆ ಹೋಗಿ ಸ್ಕ್ರೀನ್ ರೀಡರ್ ಹಾಕಿಸುವುದು. ಹುಡುಗನಿಗೆ ಗೊತ್ತಿಲ್ಲದಿದ್ದರೆ ನಾವೇ ಹುಡುಕುವುದು.

2. ಗುಂಡಿ ಒತ್ತಿದ ಕೂಡಲೇ ಮಾತು ಬರುತ್ತದೆಯೇ, ತಡವಾಗುತ್ತದೆಯೇ ಎಂದು ಗಮನಿಸುವುದು. ಮೆಮೊರಿ ಕಡಿಮೆ ಇರುವ ಅಗ್ಗದ ಟಿವಿಗಳಲ್ಲಿ ಮಾತು ಹಿಂದೆ ಬೀಳುತ್ತದೆ. ಪರದೆಯಲ್ಲಿ ಮೂರನೆಯದರ ಮೇಲಿದ್ದರೆ ಕಿವಿಗೆ ಮೊದಲನೆಯದು ಕೇಳುತ್ತಿರುತ್ತದೆ. ಹೀಗಾದರೆ ಬಳಸುವುದು ಕಷ್ಟ.

3. ಕನ್ನಡ ಓದುತ್ತದೆಯೇ ಎಂದು ನೋಡುವುದು. ಮಾದರಿಯಿಂದ ಮಾದರಿಗೆ ಇದರಲ್ಲಿ ವ್ಯತ್ಯಾಸವಿದೆ. ಇಂಗ್ಲಿಷ್ ಬಾರದ ಹಿರಿಯರಿಗೆ ಇದೇ ಮುಖ್ಯ.

4. ಮನೆಯಲ್ಲಿ ಬಳಸುವ ಆ್ಯಪ್‌ಗಳನ್ನೇ ತೆರೆಯುವುದು. ಟಿವಿಯ ಮೆನು ಚೆನ್ನಾಗಿ ಓದಿದರೂ, ಕೆಲವು ಆ್ಯಪ್‌ಗಳ ಒಳಗೆ ಹೋದರೆ ಬರೀ "ಬಟನ್, ಬಟನ್" ಎನ್ನುತ್ತದೆ. ಆ್ಯಪ್ ಮಾಡಿದವರು ಗುಂಡಿಗೆ ಹೆಸರು ಕೊಟ್ಟಿರದಿದ್ದರೆ ಹೀಗಾಗುತ್ತದೆ. ತಪ್ಪು ಟಿವಿಯದ್ದಲ್ಲ.

5. ರಿಮೋಟಿನ ಗುಂಡಿಗಳು ಬೆರಳಿಗೆ ಬೇರೆ ಬೇರೆಯಾಗಿ ತಿಳಿಯುತ್ತವೆಯೇ ಎಂದು ನೋಡುವುದು. ಗಾಳಿಯಲ್ಲಿ ಆಡಿಸಿ ಪರದೆಯ ಮೇಲೆ ಬಾಣ ಓಡಿಸುವ ರಿಮೋಟ್ ಅಂಧರಿಗೆ ಉಪಯೋಗವಿಲ್ಲ. ಅದರಲ್ಲಿ ನಾಲ್ಕು ದಿಕ್ಕಿನ ಗುಂಡಿಯೂ ಇರಲೇಬೇಕು.

6. ಧ್ವನಿ ಸ್ಪಷ್ಟವಾಗಿದೆಯೇ ಎಂದು ಕೇಳುವುದು. ತೆಳ್ಳಗಿನ ಟಿವಿಗಳ ಸ್ಪೀಕರ್ ಹೆಚ್ಚಾಗಿ ಹಿಂಬದಿಗೋ ಕೆಳಕ್ಕೋ ಇರುತ್ತದೆ. ಅಂಧರೇ ಮುಖ್ಯವಾಗಿ ಬಳಸುವ ಟಿವಿಯಾದರೆ 55 ಇಂಚಿನ ಬದಲು 32 ಇಂಚಿನದು ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಸೌಂಡ್‌ಬಾರ್ ಹಾಕಿಸಿಕೊಳ್ಳುವುದು ಜಾಣತನ.

ಈಗಿರುವ ಟಿವಿ ಚೆನ್ನಾಗಿದ್ದು ಎಚ್‌ಡಿಎಂಐ ಕಿಂಡಿ ಇದ್ದರೆ ಹೊಸದು ಬೇಕೆಂದೇ ಇಲ್ಲ. ಫೈರ್ ಟಿವಿ ಸ್ಟಿಕ್‌ನಂಥ ಸಣ್ಣ ಸಾಧನ ಸಿಕ್ಕಿಸಿದರೆ, ಟಿವಿಗೆ ಬಾರದ ಮಾತು ಅದರಿಂದ ಬರುತ್ತದೆ. ಮೇಲೆ ಹೇಳಿದ ಮೇಷ್ಟ್ರ ಮಗನಿಗೆ ಆ ಟಿವಿ ಮಾರಿ ಬೇರೆ ಕೊಳ್ಳುವ ಪ್ರಸಂಗ ಬರಲಿಲ್ಲ. ಅದರೊಳಗೇ ಟಾಕ್‌ಬ್ಯಾಕ್ ಇತ್ತು. ಮಾರಿದವರೂ ಹೇಳಿರಲಿಲ್ಲ, ಜೋಡಿಸಲು ಬಂದವರೂ ಹೇಳಿರಲಿಲ್ಲ. ಹಾಗಾಗಿ ಮೊದಲು ಮನೆಯಲ್ಲಿರುವ ಟಿವಿಯ ಸೆಟ್ಟಿಂಗ್ಸ್ ಹುಡುಕಿ.

ಯಾರ ಸಲಹೆ ನಂಬಬೇಕು?

ನಾನೂ ಅಂಗಡಿಯವನೇ ಆದ್ದರಿಂದ ಇದನ್ನು ಬಿಚ್ಚಿ ಹೇಳುತ್ತೇನೆ. ಅಂಗಡಿಯವರು ಒಂದು ಮಾದರಿಯನ್ನು ಹೊಗಳುವಾಗ ಅದರಲ್ಲಿ ಲಾಭಾಂಶ ಎಷ್ಟು, ದಾಸ್ತಾನು ಎಷ್ಟಿದೆ, ಕಂಪನಿಯ ಟಾರ್ಗೆಟ್ ಏನು ಎನ್ನುವುದೂ ಲೆಕ್ಕದಲ್ಲಿರುತ್ತದೆ. ಅದು ಮೋಸವಲ್ಲ, ವ್ಯಾಪಾರ. ಆದರೆ ಅಂಧರ ಅಗತ್ಯ ಆ ಲೆಕ್ಕದಲ್ಲಿ ಇರುವುದಿಲ್ಲ. ಆನ್‌ಲೈನ್ ಮಳಿಗೆಗಳ ನಕ್ಷತ್ರಗಳೂ ಅಷ್ಟೇ. ಚಿತ್ರ ಚೆನ್ನಾಗಿದೆ ಎಂದು ಐದು ನಕ್ಷತ್ರ ಕೊಟ್ಟವರು ಟಾಕ್‌ಬ್ಯಾಕ್ ಮುಟ್ಟಿಯೇ ಇರುವುದಿಲ್ಲ.

ಸಲಹೆಯನ್ನು ಈ ಕ್ರಮದಲ್ಲಿ ಪಡೆಯಿರಿ. ಮೊದಲು, ಅದೇ ಮಾದರಿಯನ್ನು ಕೆಲವು ತಿಂಗಳಾದರೂ ಬಳಸಿದ ಅಂಧರನ್ನು ಕೇಳಿ. ಅವರ ಒಂದು ಮಾತು ನೂರು ಜಾಹೀರಾತಿಗೆ ಸಮ. ಅಂಥವರ ಪರಿಚಯ ಇಲ್ಲದಿದ್ದರೆ, ಅಂಧರಿಗೆ ಕಂಪ್ಯೂಟರ್ ತರಬೇತಿ ಕೊಡುವ ಸಂಸ್ಥೆಗಳನ್ನು ವಿಚಾರಿಸಿ. ಬೆಂಗಳೂರಿನ ಮಿತ್ರಜ್ಯೋತಿ, ಎನೇಬಲ್ ಇಂಡಿಯಾ, ಸಮರ್ಥನಂ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿವೆ. ಟಿವಿಯ ಬಗ್ಗೆ ನೇರ ಸಲಹೆ ಸಿಗದಿದ್ದರೂ, ಬಳಸುತ್ತಿರುವ ಯಾರದಾದರೂ ಪರಿಚಯ ಅಲ್ಲಿ ಆಗಬಹುದು.

ಮೂರನೆಯದಾಗಿ, ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಕೈಪಿಡಿ ತೆಗೆದು ಆಕ್ಸೆಸಿಬಿಲಿಟಿ ಅಧ್ಯಾಯ ಓದಿ. ಬಾಯಿಮಾತಿಗಿಂತ ಕೈಪಿಡಿ ನಂಬಿಕೆಗೆ ಯೋಗ್ಯ. ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಹೋಲಿಸಿ ನೋಡಿ. ಒಂದಕ್ಷರ ಬದಲಾದರೆ ಒಳಗಿನ ಸಾಮಾನೂ ಬದಲಾಗಿರಬಹುದು. ಕೊನೆಗೆ, "ಅಂಧರಿಗಾಗಿಯೇ ತಯಾರಿಸಿದ ವಿಶೇಷ ಟಿವಿ" ಎಂದು ಹೆಚ್ಚಿನ ಬೆಲೆ ಹೇಳುವವರಿದ್ದರೆ ಎಚ್ಚರ. ಬೇಕಾದ ಸೌಲಭ್ಯ ಸಾಮಾನ್ಯ ಟಿವಿಯಲ್ಲೇ ಉಚಿತವಾಗಿರುವಾಗ ಹೆಚ್ಚಿಗೆ ಕೊಡುವುದೇಕೆ?

ಬಿಲ್ ಪಡೆಯುವಾಗ ಮಾದರಿ ಸಂಖ್ಯೆ ಬರೆಸಿ. ಸ್ಕ್ರೀನ್ ರೀಡರ್ ಇದೆ ಎಂದು ಹೇಳಿ ಮಾರಿದ್ದರೆ ಅದನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬದಲಾವಣೆಗೆ ಎಷ್ಟು ದಿನ ಅವಕಾಶ ಎಂದು ಮೊದಲೇ ಕೇಳಿ. ಹೇಳಿದ್ದು ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು.

ಮನೆಗೆ ಬಂದ ಮೇಲೆ

ಮೊದಲ ದಿನ ವೈಫೈ ಪಾಸ್‌ವರ್ಡ್, ಗೂಗಲ್ ಖಾತೆ ಹಾಕುವಾಗ ಕಣ್ಣಿರುವವರ ನೆರವು ಪಡೆಯುವುದು ಒಳ್ಳೆಯದು. ಜೋಡಿಸಲು ಬಂದವರನ್ನು ಕಳಿಸುವ ಮುನ್ನ ಸ್ಕ್ರೀನ್ ರೀಡರ್ ಹಾಕಿಸಿ, ಮಾತಿನ ವೇಗ ತಗ್ಗಿಸಿ. ಅದನ್ನು ಬೇಕಾದಾಗ ಹಾಕಿ ತೆಗೆಯುವ ಸುಲಭ ದಾರಿಯನ್ನೂ ಕಲಿಯಿರಿ. ಫೈರ್ ಟಿವಿಯಲ್ಲಿ ಬ್ಯಾಕ್ ಮತ್ತು ಮೆನು ಗುಂಡಿಗಳನ್ನು ಒಟ್ಟಿಗೆ 2 ಸೆಕೆಂಡ್ ಒತ್ತಿ ಹಿಡಿಯಬೇಕು. ಸ್ಯಾಮ್‌ಸಂಗ್‌ನ ಈಚಿನ ಟಿವಿಗಳಲ್ಲಿ ವಾಲ್ಯೂಮ್ ಗುಂಡಿಯನ್ನು ಒತ್ತಿ ಹಿಡಿದರೆ ಆ ಪಟ್ಟಿ ಬರುತ್ತದೆ. ಮೊಮ್ಮಕ್ಕಳು ಆಟವಾಡುತ್ತಾ ಮಾತು ನಿಲ್ಲಿಸಿಬಿಟ್ಟರೆ ಇದು ಕೈಹಿಡಿಯುತ್ತದೆ.

ರಿಮೋಟಿನ ಮುಖ್ಯ ಗುಂಡಿಗಳ ಮೇಲೆ ಅಂಟಿನ ಒಂದು ಹನಿ ಒಣಗಿಸಿದರೆ ಉಬ್ಬು ಗುರುತಾಗುತ್ತದೆ. ಎರಡು ರಿಮೋಟ್ ಇದ್ದರೆ ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ. ಮನೆಯಲ್ಲಿ ಯಾರೂ ಇಲ್ಲದಾಗ ಪರದೆಯಲ್ಲಿ ಏನು ಬಂದಿದೆ ಎಂದು ತಿಳಿಯಬೇಕಾದರೆ 'ಬಿ ಮೈ ಐಸ್' ಎಂಬ ಉಚಿತ ಆ್ಯಪ್ ಇದೆ. 2015ರಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ ಇದರ ಮೂಲಕ ಸ್ವಯಂಸೇವಕರು ವಿಡಿಯೊ ಕರೆಯಲ್ಲಿ ನೋಡಿ ಹೇಳುತ್ತಾರೆ. ಬ್ಯಾಂಕ್ ಕಾರ್ಡ್, ಒಟಿಪಿ ಮಾತ್ರ ಅಪರಿಚಿತರಿಗೆ ತೋರಿಸಬೇಡಿ.

ಚಿತ್ರವನ್ನು ಮಾತಿನಲ್ಲಿ ವಿವರಿಸುವ ಧ್ವನಿ

ಸಿನಿಮಾದಲ್ಲಿ ಮಾತಿಲ್ಲದ ದೃಶ್ಯ ಬಂದಾಗ "ಅವಳು ಪತ್ರ ಹರಿದು ಒಲೆಗೆ ಹಾಕುತ್ತಾಳೆ" ಎಂದು ವಿವರಿಸುವ ಪ್ರತ್ಯೇಕ ಧ್ವನಿಯನ್ನು ಆಡಿಯೊ ಡಿಸ್ಕ್ರಿಪ್ಷನ್ ಎನ್ನುತ್ತಾರೆ. ನೆಟ್‌ಫ್ಲಿಕ್ಸ್ ಇದನ್ನು 2015ರಲ್ಲಿ ಆರಂಭಿಸಿತು. ಭಾಷೆ ಆರಿಸುವ ಜಾಗದಲ್ಲೇ ಇದು ಸಿಗುತ್ತದೆ. 2023ರ ಜನವರಿಯಲ್ಲಿ 'ಪಠಾಣ್' ಹಿಂದಿ ಚಿತ್ರ ಒಟಿಟಿಗೆ ಬರುವಾಗ ಇಂಥ ವಿವರಣೆ ಸೇರಿಸಬೇಕೆಂದು ದೆಹಲಿ ಹೈಕೋರ್ಟ್ ಸೂಚಿಸಿತ್ತು. ಕನ್ನಡದಲ್ಲಿ ಇದು ಇನ್ನೂ ವಿರಳ. ಕೇಳುವವರು ಹೆಚ್ಚಾದರೆ ಮಾಡುವವರೂ ಮುಂದೆ ಬಂದಾರು.

ಇದು ಹಕ್ಕು ಕೂಡ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮು ಇದನ್ನೇ ಹೇಳುತ್ತದೆ. ಮಾಧ್ಯಮಗಳಲ್ಲಿ ಆಡಿಯೊ ಡಿಸ್ಕ್ರಿಪ್ಷನ್ ಒದಗಿಸಲು, ದಿನಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳು ಎಲ್ಲರೂ ಬಳಸುವಂಥ ವಿನ್ಯಾಸದಲ್ಲಿ ದೊರೆಯುವಂತೆ ಮಾಡಲು ಸರ್ಕಾರ ಕ್ರಮ ಕೈಗೊಳ್ಳಬೇಕು. 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಸೌಲಭ್ಯಗಳ ಮಾನದಂಡ ಬರೀ ಸಲಹೆಯಾಗಿರದೆ ಕಡ್ಡಾಯವಾಗಿರಬೇಕು ಎಂದು ಕೇಂದ್ರಕ್ಕೆ ನಿರ್ದೇಶನ ನೀಡಿದೆ. ಆದ್ದರಿಂದ ಅಂಗಡಿಯಲ್ಲಿ ಕೇಳುವಾಗ ಸಂಕೋಚ ಬೇಡ. ನಾಲ್ಕು ಗಿರಾಕಿಗಳು ಕೇಳಿದರೆ ಐದನೆಯವರು ಬರುವಷ್ಟರಲ್ಲಿ ಅಂಗಡಿಯವರು ಕಲಿತಿರುತ್ತಾರೆ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ನೆರೆಹೊರೆಯಲ್ಲಿ ಕಣ್ಣು ಕಾಣದ ಹಿರಿಯರಿದ್ದರೆ ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ. ಅವರ ಟಿವಿಯಲ್ಲಿ ಆಕ್ಸೆಸಿಬಿಲಿಟಿ ಹುಡುಕಿ, ಮಾತು ಬರಿಸಿ, ರಿಮೋಟನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಖರ್ಚೇನೂ ಇಲ್ಲ. ತಮಗೆ ಬೇಕಾದ ಚಾನೆಲ್ಲನ್ನು ಅವರು ತಾವೇ ಹಾಕಿಕೊಳ್ಳುವವರೆಗೆ ಎದ್ದು ಬರಬೇಡಿ.