ದುಡಿಮೆ ನಿಂತಾಗ ವಿಮೆಯು ಕೊಡುವುದೆಷ್ಟು?

ತಿಂಗಳ ಮೊದಲನೆಯ ವಾರವೆಂದರೆ ಏನೆಂಬುದನ್ನು ಸಂಸಾರವಂದಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಬಾಡಿಗೆ, ದಿನಸಿ ಅಂಗಡಿಯ ಲೆಕ್ಕ, ಹಾಲಿನವನ ಚೀಟಿ, ಮಕ್ಕಳ ಶಾಲೆಯ ಫೀಜು, ಸಾಲದ ಕಂತು, ಇವು ಯಾವುವೂ ಗೃಹಸ್ಥನ ಆರೋಗ್ಯವನ್ನು ವಿಚಾರಿಸಿಕೊಂಡು ಬರುವುವಲ್ಲ. ಯಜಮಾನನು ಹಾಸಿಗೆ ಹಿಡಿದ ತಿಂಗಳಲ್ಲಿಯೂ ಅವು ತಪ್ಪದೆ ಬರುತ್ತವೆ, ತಪ್ಪುವುದು ಸಂಪಾದನೆಯೊಂದೇ. ಈ ಕೊರತೆಯನ್ನು ತುಂಬಿಕೊಡುತ್ತೇವೆಂದು ಹೇಳುವ ವಿಮೆಗಳು ಈಗ ಹಲವಾಗಿವೆ. ಆದರೆ ಅವುಗಳಲ್ಲಿ ಯಾವುದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದು ಕಂತು ಕಟ್ಟುವವರಲ್ಲಿ ಬಹುಮಂದಿಗೆ ತಿಳಿದಿರುವುದಿಲ್ಲ. ನನಗೂ ತಿಳಿದಿರಲಿಲ್ಲ. ನಮ್ಮ ಬೀದಿಯ ಅಣ್ಣತಮ್ಮಂದಿರಿಬ್ಬರ ಕಾಗದಗಳನ್ನು ಓದಿ ಹೇಳುವ ಕೆಲಸವು ನನ್ನ ಪಾಲಿಗೆ ಬಂದುದರಿಂದ ತಿಳಿಯಿತು.

ಅಣ್ಣನಾದವರು ದರ್ಜಿ, ಸ್ವಂತ ಅಂಗಡಿಯುಂಟು. ತಮ್ಮನು ಒಂದು ಖಾಸಗಿ ಕಾರಖಾನೆಯ ಕಚೇರಿಯಲ್ಲಿ ಗುಮಾಸ್ತ. ಮನೆ ಒಂದೇ, ಒಲೆಯೂ ಒಂದೇ. ಪರಿಚಯದ ಏಜೆಂಟರೊಬ್ಬರ ಮಾತಿನಂತೆ ಇಬ್ಬರೂ ಅಪಘಾತ ವಿಮೆಯನ್ನು ತಲಾ ೫ ಲಕ್ಷ ರೂಪಾಯಿಗೆ ಮಾಡಿಸಿದ್ದರು. “ಕೆಲಸಕ್ಕೆ ಹೋಗಲಾರದೆ ಮಲಗಿದರೆ ವಾರವಾರಕ್ಕೂ ಹಣ ಬರುತ್ತದೆ” ಎಂದು ಏಜೆಂಟರು ಹೇಳಿದ್ದರಂತೆ. ಆ ಮಾತು ಸುಳ್ಳಲ್ಲ; ಪೂರ್ತಿಯಾಗಿ ನಿಜವೂ ಅಲ್ಲ.

೨೦೨೨ರ ಮಳೆಗಾಲದಲ್ಲಿ ಅಣ್ಣನು ಸ್ಕೂಟರಿನಿಂದ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡರು. ಬಲಗೈ ಇಲ್ಲದ ದರ್ಜಿಯು ಕತ್ತರಿ ಹಿಡಿಯುವುದೆಂತು? ಹನ್ನೊಂದು ವಾರ ಹೊಲಿಗೆಯ ಯಂತ್ರಕ್ಕೆ ಮುಸುಕು ಹಾಕಿದ್ದಾಯಿತು. ಅವರ ವಿಮಾಪತ್ರದಲ್ಲಿ ‘ತಾತ್ಕಾಲಿಕ ಪೂರ್ಣ ಅಸಾಮರ್ಥ್ಯ’ ಎಂಬ ಪ್ರಕರಣವಿದ್ದಿತು. ಅಪಘಾತದಿಂದ ಪೆಟ್ಟುಬಿದ್ದು ದುಡಿಯಲಾರದೆ ಹೋದರೆ ವಿಮೆಯ ಮೊತ್ತದಲ್ಲಿ ನೂರಕ್ಕೆ ಒಂದು ಪಾಲಿನಂತೆ ವಾರಕ್ಕೆ ಹಣ. ಹೆಚ್ಚೆಂದರೆ ನೂರು ವಾರ. ಇಂಥ ಅನೇಕ ಪತ್ರಗಳಲ್ಲಿ ಇದೇ ಬಗೆಯ ಲೆಕ್ಕವಿರುತ್ತದೆ. ವಾರಕ್ಕೆ ಇಷ್ಟನ್ನು ಮೀರಿ ಕೊಡಲಾರೆವೆಂಬ ಮೇಲ್ಮಿತಿಯೂ ಹಲವುಗಳಲ್ಲಿರುತ್ತದೆ. ಅಂತು ೫,೦೦೦ ರೂಪಾಯಿಯಂತೆ ಹನ್ನೊಂದು ವಾರಕ್ಕೆ ೫೫,೦೦೦ ಬರಬೇಕೆಂದು ಮನೆಯವರು ಲೆಕ್ಕ ಹಾಕಿದರು. ಬಂದುದು ೩೦,೦೦೦.

ಕಾಗದಗಳನ್ನೆಲ್ಲ ಹರಡಿಕೊಂಡು ಕುಳಿತಾಗ ಕಾರಣವು ಹೊರಬಿದ್ದಿತು. ಆರನೆಯ ವಾರದ ಕೊನೆಯಲ್ಲಿ ಪ್ಲಾಸ್ಟರು ಬಿಚ್ಚಿದ ವೈದ್ಯರು “ಹಗುರವಾದ ಕೆಲಸ ಮಾಡಬಹುದು” ಎಂದು ಒಂದು ಸಾಲು ಬರೆದುಕೊಟ್ಟಿದ್ದರು. ಆ ಒಂದು ಸಾಲೇ ಸಾಕಾಯಿತು. ವಿಮಾಪತ್ರದ ಮಾತು ‘ಯಾವುದೇ ಬಗೆಯ ಉದ್ಯೋಗವನ್ನೂ ಮಾಡಲು ಸಂಪೂರ್ಣವಾಗಿ ಅಶಕ್ತನಾದಾಗ’ ಎಂದಿದ್ದಿತು. ಅಂದರೆ, ದರ್ಜಿಯು ಹೊಲಿಯಲಾರದಿದ್ದರೆ ಸಾಲದು. ಕುಳಿತು ಚೀಟಿ ಬರೆಯಲಾರದವನೂ ಆಗಿರಬೇಕು.

“ಮೇಷ್ಟ್ರೇ, ಕೈಯಾಡದ ದರ್ಜಿ ಅಂಗಡಿಯಲ್ಲಿ ಕುಳಿತರೇನು, ಮನೆಯಲ್ಲಿ ಮಲಗಿದರೇನು, ಎರಡೂ ಒಂದೇ ಅಲ್ಲವೇ?” ಎಂದು ಅವರು ಕೇಳಿದರು. ಒಂದೇ ಎಂದು ನಾನೂ ನೀವೂ ಹೇಳುವೆವು. ಪತ್ರವು ಹಾಗೆ ಹೇಳುವುದಿಲ್ಲ.

ಈ ವಿಷಯದ ತಿರುಳೆಲ್ಲ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಇಂಗ್ಲೆಂಡಿನಲ್ಲಿ ಆದಾಯರಕ್ಷಣೆಯ ವಿಮೆಯೆಂದೇ ಪ್ರತ್ಯೇಕವಾದ ಪತ್ರಗಳು ಮಾರಾಟವಾಗುತ್ತವೆ. ರೋಗವಾಗಲಿ ಪೆಟ್ಟಾಗಲಿ, ದುಡಿಮೆ ನಿಂತರೆ, ನಾಲ್ಕು ವಾರವೋ ಆರು ತಿಂಗಳೋ ಒಂದು ವರ್ಷವೋ ಮೊದಲೇ ಗೊತ್ತುಮಾಡಿದ ಕಾಲ ಕಳೆದ ಮೇಲೆ, ಹಿಂದಿನ ಸಂಬಳದ ಅರ್ಧಕ್ಕೆ ಮೇಲ್ಪಟ್ಟ ಒಂದು ಪಾಲನ್ನು ತಿಂಗಳು ತಿಂಗಳೂ ಕೊಡುತ್ತಾರೆ. ಗುಣವಾಗದಿದ್ದರೆ ನಿವೃತ್ತಿಯ ವಯಸ್ಸಿನವರೆಗೂ ಕೊಡುವ ಪತ್ರಗಳುಂಟು. ಪೂರ್ತಿ ಸಂಬಳವನ್ನೇಕೆ ಕೊಡುವುದಿಲ್ಲವೆಂದರೆ, ಮಲಗಿದವನಿಗೂ ದುಡಿದವನಿಗೂ ಒಂದೇ ಹಣವಾದರೆ ಏಳುವವರು ಯಾರು ಎಂಬ ಶಂಕೆ. ಅದು ಅನುಭವದಿಂದ ಬಂದ ಶಂಕೆಯೇ ಸರಿ. ಅಲ್ಲಿಯ ಪತ್ರಗಳಲ್ಲಿ ‘ಅಶಕ್ತ’ ಎಂಬ ಮಾತಿಗೆ ಮೂರು ಅರ್ಥಗಳನ್ನು ಕಾಣಬಹುದು: ತನ್ನ ಸ್ವಂತ ಕಸುಬನ್ನು ಮಾಡಲಾರದವನು, ತನ್ನ ಓದು ಅನುಭವಗಳಿಗೆ ಒಪ್ಪುವ ಯಾವ ಕೆಲಸವನ್ನೂ ಮಾಡಲಾರದವನು, ಯಾವ ಕೆಲಸವನ್ನೂ ಮಾಡಲಾರದವನು. ಮೊದಲನೆಯದು ದುಬಾರಿ, ಕಡೆಯದು ಅಗ್ಗ. ನಮ್ಮ ದೇಶದಲ್ಲಿ ರೋಗಕ್ಕೂ ಅಪಘಾತಕ್ಕೂ ಒಟ್ಟಾಗಿ ವರ್ಷಾನುಗಟ್ಟಲೆ ತಿಂಗಳ ಹಣ ಕೊಡುವಂಥ ಪತ್ರವು ಸಾಮಾನ್ಯ ಗೃಹಸ್ಥನ ಕೈಗೆ ಸುಲಭವಾಗಿ ಸಿಗುವುದಿಲ್ಲ. ನಮಗೆ ಸಿಗುವುವು ತುಂಡುಗಳು. ಹಲವು ತುಂಡುಗಳನ್ನು ಸೇರಿಸಿ ಹೊಲಿದರೆ ಒಂದು ಅಂಗಿಯಾದೀತು. ನಡುವೆ ಕಿಂಡಿಗಳು ಉಳಿದೇ ಉಳಿಯುತ್ತವೆ.

ಆ ಕಿಂಡಿಗಳಲ್ಲಿ ಎಲ್ಲಕ್ಕಿಂತ ದೊಡ್ಡದರಲ್ಲಿ ತಮ್ಮನು ಬಿದ್ದನು. ಮಾರನೆಯ ವರ್ಷ ಅವನಿಗೆ ಬೆನ್ನುಮೂಳೆಯ ಕ್ಷಯವೆಂದು ತಿಳಿದುಬಂದಿತು. ಹನ್ನೆರಡು ದಿನ ಆಸ್ಪತ್ರೆ, ಬಳಿಕ ಎಂಟು ತಿಂಗಳು ಮನೆಯಲ್ಲಿ ಮಂಚ. ಕೂಡಿಟ್ಟಿದ್ದ ರಜೆ ಎರಡು ತಿಂಗಳಿಗೆ ಮುಗಿಯಿತು. ಮೂರನೆಯ ತಿಂಗಳಿಂದ ಸಂಬಳವಿಲ್ಲ. ಅಪಘಾತ ವಿಮೆಯ ಕಾಗದವನ್ನು ಅವನ ಹೆಂಡತಿ ನನ್ನ ಬಳಿಗೆ ತಂದಳು. ಅಪಘಾತವೆಂದರೆ ಹಠಾತ್ತಾಗಿ, ಅನಿರೀಕ್ಷಿತವಾಗಿ, ಹೊರಗಿನ ಕಾರಣದಿಂದ ಆದ ಪೆಟ್ಟು ಎಂದು ಅದರ ಮೊದಲನೆಯ ಪುಟದಲ್ಲಿಯೇ ಅಚ್ಚಾಗಿದ್ದಿತು. ಕ್ಷಯವು ಹಾಗಲ್ಲ. ಆ ತಾಯಿಗೆ ಅದನ್ನು ಹೇಳಲು ನನಗೆ ನಾಲಗೆ ಬರಲಿಲ್ಲ.

ಅವನಿಗೆ ಆರೋಗ್ಯ ವಿಮೆಯೂ ಇದ್ದಿತು. ಅದು ಆಸ್ಪತ್ರೆಯ ಹನ್ನೆರಡು ದಿನದ ಬಿಲ್ಲನ್ನು ತಕರಾರಿಲ್ಲದೆ ತೀರಿಸಿತು. ಆದರೆ ಆರೋಗ್ಯ ವಿಮೆಯು ವೈದ್ಯನಿಗೆ ಕೊಡುವುದೇ ಹೊರತು ದಿನಸಿ ಅಂಗಡಿಗೆ ಕೊಡುವುದಿಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನ ದಿನಕ್ಕಿಷ್ಟೆಂದು ನಗದು ಕೊಡುವ ಪತ್ರಗಳುಂಟು. ಅವೂ ರೋಗಿಯನ್ನು ಆಸ್ಪತ್ರೆಯ ಬಾಗಿಲಿನವರೆಗೆ ಕಳುಹಿಸಿಕೊಟ್ಟು ನಿಲ್ಲುತ್ತವೆ. ದೊಡ್ಡ ಖಾಯಿಲೆಗಳ ವಿಮೆಯೆಂದು ಇನ್ನೊಂದಿದೆ. ಪಟ್ಟಿಯಲ್ಲಿರುವ ರೋಗವು ಬಂದರೆ ಇಡುಗಂಟಾಗಿ ಹಣ ಕೊಡುತ್ತದೆ. ಅದನ್ನು ಮನೆಯ ಖರ್ಚಿಗೂ ಬಳಸಿಕೊಳ್ಳಬಹುದಾದುದರಿಂದ ಒಳ್ಳೆಯದೇ. ಆದರೆ ಪಟ್ಟಿಯ ಒಂದೊಂದು ಹೆಸರಿಗೂ ಒಂದೊಂದು ಬೇಲಿಯುಂಟು. ಅರ್ಬುದವೆಂದರೆ ಎಲ್ಲ ಅರ್ಬುದವೂ ಅಲ್ಲ; ಹುಟ್ಟಿದ ಜಾಗವನ್ನು ಬಿಟ್ಟು ಹರಡದ ಆರಂಭದ ಹಂತವನ್ನು ಹೊರಗಿಡುತ್ತಾರೆ. ಪಾರ್ಶ್ವವಾಯುವಿನ ಗುರುತುಗಳು ಮೂರು ತಿಂಗಳಾದರೂ ಉಳಿದಿರಬೇಕು. ಎದೆಯನ್ನು ತೆರೆದು ಮಾಡಿದ ಶಸ್ತ್ರಕ್ರಿಯೆಗೆ ಹಣವುಂಟು. ರಕ್ತನಾಳದಲ್ಲಿ ಕೊಳವೆ ತೂರಿಸಿ ಮಾಡಿದುದಕ್ಕೆ ಅನೇಕ ಪತ್ರಗಳಲ್ಲಿ ಇಲ್ಲ. ಪತ್ರವನ್ನು ಕೊಂಡ ಮೊದಲ ೯೦ ದಿನಗಳಲ್ಲಿ ಕಾಣಿಸಿಕೊಂಡ ರೋಗಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ರೋಗವು ತಿಳಿದ ಮೇಲೆ ಇಂತಿಷ್ಟು ದಿನ, ಬಹಳ ಪತ್ರಗಳಲ್ಲಿ ಮೂವತ್ತು ದಿನ, ರೋಗಿಯು ಬದುಕಿರಬೇಕೆಂಬ ನಿಯಮವೂ ಉಂಟು. ತಮ್ಮನು ಇಂಥ ಪತ್ರವನ್ನು ಮಾಡಿಸಿರಲಿಲ್ಲ. ಮಾಡಿಸಿದ್ದರೂ, ನಾನು ನೋಡಿದ ಪಟ್ಟಿಗಳಲ್ಲಿ ಬೆನ್ನುಮೂಳೆಯ ಕ್ಷಯವಿರಲಿಲ್ಲ.

ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ ೨೦ ರೂಪಾಯಿ ಹಿಡಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಮೇಲೆ ನಂಬಿಕೆಯಿಟ್ಟವರನ್ನೂ ನಾನು ಕಂಡಿದ್ದೇನೆ. ೨೦೧೫ರಲ್ಲಿ ೧೨ ರೂಪಾಯಿಗೆ ಆರಂಭವಾಗಿ ೨೦೨೨ರಲ್ಲಿ ೨೦ಕ್ಕೆ ಏರಿದ ಈ ವಿಮೆಯು ಆ ಕಂತಿಗೆ ಕೊಡುವುದು ಕಡಮೆಯೇನಲ್ಲ. ಅಪಘಾತದಿಂದ ಮರಣವಾದರೆ, ಇಲ್ಲವೆ ಎರಡು ಕಣ್ಣುಗಳೋ ಎರಡು ಕೈಗಳೋ ಎರಡು ಕಾಲುಗಳೋ ಶಾಶ್ವತವಾಗಿ ಹೋದರೆ ೨ ಲಕ್ಷ; ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ ೧ ಲಕ್ಷ. ಮುರಿದು ಮತ್ತೆ ಕೂಡಿಕೊಳ್ಳುವ ಮಣಿಕಟ್ಟಿಗೆ ಅದರಲ್ಲಿ ಏನೂ ಇಲ್ಲ. ಜೀವ ವಿಮೆಯಂತೂ ನಮಗೆ ಹಳೆಯ ಪರಿಚಯ. ಮೈಸೂರು ಸಂಸ್ಥಾನದ ಸರಕಾರವು ತನ್ನ ನೌಕರರಿಗಾಗಿ ೧೮೯೧ರಲ್ಲಿಯೇ ಅದನ್ನು ತೆರೆದಿತ್ತು. ಸತ್ತವನ ಸಂಸಾರದ ಯೋಚನೆ ನಮ್ಮಲ್ಲಿ ಅಷ್ಟು ಹಿಂದಿನದು. ಬದುಕಿದ್ದೂ ದುಡಿಯಲಾರದವನ ಯೋಚನೆಯು ಬಹಳ ತಡವಾಗಿ ಬಂದಿತು.

ಅದು ಬಂದುದು ಕಾರ್ಮಿಕರ ರಾಜ್ಯವಿಮೆಯ ರೂಪದಲ್ಲಿ. ಜರ್ಮನಿಯಲ್ಲಿ ೧೮೮೩ರಲ್ಲಿ, ಇಂಗ್ಲೆಂಡಿನಲ್ಲಿ ೧೯೧೧ರಲ್ಲಿ ಆದ ಕಾನೂನುಗಳ ಮಾದರಿ ಕಣ್ಣೆದುರಿಗಿದ್ದರೂ ನಮ್ಮಲ್ಲಿ ಪ್ರೊಫೆಸರ್ ಬಿ. ಪಿ. ಅಡಾರ್ಕರರು ೧೯೪೪ರಲ್ಲಿ ವರದಿ ಒಪ್ಪಿಸಿ, ೧೯೪೮ರಲ್ಲಿ ಕಾಯಿದೆಯಾಗಿ, ೧೯೫೨ರ ಫೆಬ್ರವರಿಯಲ್ಲಿ ಕಾನ್ಪುರ ದಿಲ್ಲಿಗಳಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಜನರು ಇ. ಎಸ್. ಐ. ಎಂದು ಕರೆಯುವುದು ಇದನ್ನೇ. ಅದರ ಆಸ್ಪತ್ರೆಗಳನ್ನು ದೂರುವವರು ಅನೇಕರು. ಅದು ರೋಗಿಗೆ ಕೂಲಿಯನ್ನೂ ಕೊಡುತ್ತದೆಂಬುದನ್ನು ಬಲ್ಲವರು ಕಡಮೆ. ಖಾಯಿಲೆ ಬಿದ್ದರೆ ವರ್ಷದಲ್ಲಿ ೯೧ ದಿನಗಳವರೆಗೆ ಕೂಲಿಯ ನೂರಕ್ಕೆ ೭೦. ಕೆಲಸದಲ್ಲಿ ಪೆಟ್ಟುಬಿದ್ದರೆ ಗುಣವಾಗುವವರೆಗೂ ನೂರಕ್ಕೆ ೯೦. ಸಾಕಷ್ಟು ಕಾಲ ವಂತಿಗೆ ಸಂದಿದ್ದರೆ, ಮೂವತ್ತನಾಲ್ಕು ದೀರ್ಘರೋಗಗಳಿಗೆ ನೂರಕ್ಕೆ ೮೦ರಂತೆ ಎರಡು ವರ್ಷದವರೆಗೂ ಕೊಡುವ ಏರ್ಪಾಡುಂಟು. ಆ ಮೂವತ್ತನಾಲ್ಕರಲ್ಲಿ ಕ್ಷಯವೂ ಒಂದು.

ಹಾಗಾದರೆ ನಮ್ಮ ಗುಮಾಸ್ತನಿಗೆ ಅದೇಕೆ ಬರಲಿಲ್ಲ? ೨೦೧೭ರ ಜನವರಿಯಿಂದ ಈ ಯೋಜನೆಗೆ ತಿಂಗಳ ಸಂಬಳದ ಮಿತಿಯು ೨೧,೦೦೦ ರೂಪಾಯಿಯೆಂದು ಗೊತ್ತಾಗಿದ್ದಿತು. ಅವನಿಗೆ ಮೊದಲು ೧೯,೦೦೦ ಸಂಬಳವಿದ್ದಾಗ ಇ. ಎಸ್. ಐ. ಇದ್ದಿತು. ಬಡತಿಯಾಗಿ ೨೩,೦೦೦ ಆಯಿತು. ಮನೆಯಲ್ಲಿ ಪಾಯಸ ಮಾಡಿದರು. ವಂತಿಗೆಯ ಆ ಅವಧಿ ಮುಗಿಯುತ್ತಲೇ ಅವನ ಹೆಸರು ಯೋಜನೆಯಿಂದ ಹೊರಬಿದ್ದಿತು. ಬಡತಿಯ ಕಾಗದದಲ್ಲಿ ಆ ಮಾತನ್ನು ಯಾರೂ ಬರೆದಿರಲಿಲ್ಲ. ಸಂಬಳ ನಿಂತ ಆ ಆರು ತಿಂಗಳಲ್ಲಿ ಅವನ ಖಾತೆಗೆ ಬಂದ ಹಣವೆಂದರೆ ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರಕಾರವು ಆಗ ಕೊಡುತ್ತಿದ್ದ ತಿಂಗಳಿಗೆ ೫೦೦ ರೂಪಾಯಿ. (೨೦೨೪ರ ನವೆಂಬರಿನಿಂದ ಅದನ್ನು ೧,೦೦೦ ಮಾಡಿದ್ದಾರೆ.) ಉಳಿದುದನ್ನು ಹೆಂಡತಿಯ ಬಳೆಗಳು ಕೊಟ್ಟವು.

ಆ ಹೆಂಡತಿಯ ವಿಷಯವನ್ನೂ ಒಂದು ಮಾತು ಹೇಳದೆ ಮುಂದುವರಿಯಲಾರೆ. ಅವಳೇ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರೆ? ವಾರದ ಹಣವು ಸಂಪಾದನೆಗೆ ಬದಲಾಗಿ ಕೊಡುವುದಾದುದರಿಂದ, ಸಂಪಾದನೆಯಿಲ್ಲದ ಗೃಹಿಣಿಗೆ ಸಾಮಾನ್ಯವಾಗಿ ಅದು ಸಲ್ಲುವುದಿಲ್ಲ. ಅಡಿಗೆಯವಳನ್ನಿಟ್ಟು ಸಂಬಳ ಕೊಟ್ಟವರಿಗೆ ಗೊತ್ತು ಆ ದುಡಿಮೆಯ ಬೆಲೆ. ಸರ್ವೋಚ್ಚ ನ್ಯಾಯಾಲಯವು ಜಮ್‌ಷೆಡ್‌ಪುರದ ಬೆಂಕಿಯ ಅನಾಹುತದಲ್ಲಿ ತೀರಿಕೊಂಡ ಗೃಹಿಣಿಯರ ಸೇವೆಗೆ ತಿಂಗಳಿಗೆ ೩,೦೦೦ ರೂಪಾಯಿಯಾದರೂ ಬೆಲೆಯುಂಟೆಂದು ೨೦೦೧ರಲ್ಲಿಯೇ ಎಣಿಸಿತು. ವಿಮಾಪತ್ರಗಳು ಆ ಪಾಠವನ್ನು ಇನ್ನೂ ಸರಿಯಾಗಿ ಕಲಿತಿಲ್ಲ.

ಕೆಲಸವೇ ಹೋದರೆ ಎಂದು ಕೇಳುವವರುಂಟು. ಸಾಲದ ಜತೆಗೆ ಮಾರುವ ಕೆಲವು ವಿಮೆಗಳು, ಕೆಲಸದಿಂದ ತೆಗೆದುಹಾಕಿದರೆ ಎರಡು ಮೂರು ಕಂತುಗಳನ್ನು ಕಟ್ಟುತ್ತವೆ. ತಾನಾಗಿ ರಾಜೀನಾಮೆ ಕೊಟ್ಟವನಿಗೂ, ತಪ್ಪಿಗಾಗಿ ವಜಾ ಆದವನಿಗೂ, ಕೆಲಸ ಇನ್ನೂ ಖಾಯಂ ಆಗದವನಿಗೂ ಅವು ಇಲ್ಲ. ಸ್ವಂತ ಕಸುಬಿನವನಿಗಂತೂ ಕೆಲಸ ಹೋಗುವುದೆಂಬ ಮಾತೇ ಇಲ್ಲ. ಕುಡಿದು ಮಾಡಿಕೊಂಡ ಪೆಟ್ಟು, ತನಗೆ ತಾನೇ ಮಾಡಿಕೊಂಡ ಗಾಯ, ಯುದ್ಧ ಮೊದಲಾದುವನ್ನು ಅಪಘಾತ ವಿಮೆಗಳೂ ಹೊರಗಿಡುತ್ತವೆ.

ಮುಚ್ಚಿಟ್ಟ ರೋಗದ ಮಾತು ಬೇರೆ. “ಸಿಹಿಮೂತ್ರದ ವಿಷಯ ಬರೆಯುವುದು ಬೇಡ ಸ್ವಾಮಿ, ಕಂತು ಹೆಚ್ಚಾಗುತ್ತದೆ” ಎನ್ನುವ ಏಜೆಂಟರನ್ನು ನಾನೇ ಕೇಳಿದ್ದೇನೆ. ಹಣ ಬೇಕಾದಾಗ ಆ ಏಜೆಂಟರು ಸಿಗುವುದಿಲ್ಲ, ಆಸ್ಪತ್ರೆಯ ಹಳೆಯ ಚೀಟಿಗಳು ಸಿಗುತ್ತವೆ. ೨೦೨೪ರ ಜನವರಿಯಿಂದ ಆರೋಗ್ಯ ವಿಮೆಯ ಪತ್ರದೊಡನೆ ಮುಖ್ಯ ಸಂಗತಿಗಳನ್ನು ಸರಳವಾಗಿ ಬರೆದ ಮಾಹಿತಿಪತ್ರವನ್ನೂ ಕೊಡಬೇಕೆಂದು ವಿಮಾ ಪ್ರಾಧಿಕಾರವು ವಿಧಿಸಿದೆ. ಕೇಳಿದರೆ ಅದನ್ನು ದೇಶಭಾಷೆಯಲ್ಲಿಯೂ ಒದಗಿಸಬೇಕು. ಕನ್ನಡದಲ್ಲಿ ಬೇಕೆಂದು ಕೇಳುವುದಕ್ಕೆ ಸಂಕೋಚವೇಕೆ? ಕೈಗೆ ಬಂದ ದಿನವೇ ಮನೆಯವರೆಲ್ಲ ಕುಳಿತು ನಾಲ್ಕು ಸಂಗತಿಗಳನ್ನು ಹುಡುಕಬೇಕು: ಅಶಕ್ತನೆಂದರೆ ಯಾರು, ಹಣವು ಎಷ್ಟನೆಯ ದಿನದಿಂದ ಬರುತ್ತದೆ, ಎಷ್ಟು ಕಾಲ ಬರುತ್ತದೆ, ರೋಗವೂ ಸೇರಿದೆಯೋ ಪೆಟ್ಟು ಮಾತ್ರವೋ. ಸ್ವಂತ ಕಸುಬಿನವರು ಇನ್ನೊಂದನ್ನು ನೋಡಿಕೊಳ್ಳಬೇಕು. ಆದಾಯ ತೆರಿಗೆಯ ಲೆಕ್ಕ ಒಪ್ಪಿಸದವನಿಗೆ ತನ್ನ ಸಂಪಾದನೆ ಇಷ್ಟೆಂದು ತೋರಿಸುವುದೇ ಕಷ್ಟವಾಗುತ್ತದೆ.

ಅಣ್ಣನ ವ್ಯವಹಾರವು ಅಲ್ಲಿಗೇ ಮುಗಿಯಲಿಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದೆವು. ತಿಂಗಳು ಕಳೆದರೂ ಉತ್ತರ ಬಾರದಿರಲು ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಕೊಟ್ಟೆವು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಕಂಪನಿಯು ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಒಂಬತ್ತನೆಯ ವಾರದ ಕೊನೆಯವರೆಗೂ ಬೆರಳುಗಳನ್ನು ಮಡಿಸುವುದಾಗುತ್ತಿರಲಿಲ್ಲ, ನೋವಿನಿಂದ ಯಾವ ಕೆಲಸಕ್ಕೂ ಕುಳಿತುಕೊಳ್ಳಲಾಗುತ್ತಿರಲಿಲ್ಲವೆಂದು ವೈದ್ಯರು ಬರೆದುಕೊಟ್ಟ ಹೊಸ ಪತ್ರವನ್ನೂ, ವ್ಯಾಯಾಮ ಚಿಕಿತ್ಸೆಯ ರಸೀದಿಗಳನ್ನೂ ಅವರು ಒಪ್ಪಿಸಿದರು. ಮೂರು ವಾರದ ೧೫,೦೦೦ ರೂಪಾಯಿ ಬಂದಿತು. ಕಡೆಯ ಎರಡು ವಾರದ ಹಣ ಬರಲಿಲ್ಲ. ಆ ದಿನಗಳಲ್ಲಿ ಅಂಗಡಿಯಲ್ಲಿ ಕುಳಿತು ಹುಡುಗನ ಕೈಯಿಂದ ಅಳತೆ ಬರೆಸುತ್ತಿದ್ದಿರಾ ಎಂದು ಅಲ್ಲಿ ಕೇಳಿದಾಗ ಅವರು ಹೌದೆಂದುಬಿಟ್ಟರು.