ಚೀಟಿನಲ್ಲಿ ಬಂದ ನೆಲ, ಕೈಗೆ ಸಿಗದ ಊರು

ಬೈಬಲಿನ ಯೆಹೋಶುವ ಗ್ರಂಥವನ್ನು ಕಥೆಗಾಗಿ ಓದುವವರಿಗೆ 12ನೇ ಅಧ್ಯಾಯದವರೆಗೆ ಬೇಸರವಿಲ್ಲ. ಯೆರಿಕೋ ಕೋಟೆ ಕುಸಿಯುತ್ತದೆ, ಗಿಬ್ಯೋನಿನ ಮೇಲೆ ಸೂರ್ಯ ನಿಲ್ಲುತ್ತಾನೆ, ಸೋತ 31 ರಾಜರ ಪಟ್ಟಿ ಬರುತ್ತದೆ. ಆಮೇಲೆ ಗ್ರಂಥದ ದನಿಯೇ ಬೇರೆ. ಹಳ್ಳ, ದಿಣ್ಣೆ, ಬುಗ್ಗೆ, ಬಂಡೆ, ಊರು, ಮತ್ತೆ ಊರು. 13ರಿಂದ 21ನೇ ಅಧ್ಯಾಯದ ತನಕ ಇಸ್ರಾಯೇಲಿನ ಯಾವ ಕುಲಕ್ಕೆ ಯಾವ ನೆಲ, ಅದರ ಚೆಕ್ಕುಬಂದಿ ಏನು ಎಂಬುದೇ ಮಾತು. ಹೆಚ್ಚಿನವರು ಇಲ್ಲಿ ಪುಟ ಮಗುಚಿಬಿಡುತ್ತಾರೆ. ನನ್ನನ್ನು ಕೇಳಿದರೆ ಯುದ್ಧದ ಅಧ್ಯಾಯಗಳಿಗಿಂತ ಈ ಒಣ ಪುಟಗಳಲ್ಲೇ ಆ ಜನರ ಬದುಕು ಹೆಚ್ಚು ಸಿಗುತ್ತದೆ. ಯುದ್ಧದ ಕಥೆಗೆ ಗೆಲುವಿನದೇ ಗುಂಗು. ಗಡಿಯ ಪಟ್ಟಿ ಮಾತ್ರ ಎಲ್ಲೆಲ್ಲಿ ಗೆಲ್ಲಲಾಗಲಿಲ್ಲ ಎಂಬುದನ್ನೂ ಬರೆದಿಟ್ಟಿದೆ.

ಯೆಹೂದ ಕುಲದ ಉತ್ತರದ ಎಲ್ಲೆಯನ್ನೇ ನೋಡಿ. ಯೊರ್ದನ್ ನದಿ ಲವಣಸಮುದ್ರವನ್ನು ಸೇರುವ ಮೂಲೆಯಿಂದ ಅದು ಹೊರಡುತ್ತದೆ. ಬೇತ್‌ಹೊಗ್ಲಾಕ್ಕೆ ಏರಿ, ಬೋಹನನ ಬಂಡೆ ಎಂಬ ಗುರುತನ್ನು ಮುಟ್ಟಿ, ಆಕೋರ್ ಕಣಿವೆಯಿಂದ ಮೇಲೆ ಬಂದು, ಏನ್‌ಷೆಮೆಷ್ ಮತ್ತು ಏನ್‌ರೋಗೆಲ್ ಬುಗ್ಗೆಗಳನ್ನು ಹಾಯುತ್ತದೆ. ಅಲ್ಲಿಂದ ಬೆನ್‌ಹಿನ್ನೋಮ್ ಕಣಿವೆ ಹಿಡಿದು ಯೆಬೂಸಿಯರ ಊರಾದ ಜೆರುಸಲೇಮಿನ ದಕ್ಷಿಣದ ಇಳಿಜಾರಿಗೆ ಬರುತ್ತದೆ. ಕಣಿವೆಯ ಪಶ್ಚಿಮಕ್ಕಿರುವ ಬೆಟ್ಟದ ನೆತ್ತಿ ಹತ್ತಿ, ನೆಫ್ತೋಹದ ನೀರಿನ ಬುಗ್ಗೆಯ ಕಡೆ ತಿರುಗಿ, ಕಿರ್ಯಾತ್ಯಾರೀಮ್, ಬೇತ್‌ಷೆಮೆಷ್, ಎಕ್ರೋನ್ ದಾರಿಯಾಗಿ ಕಡಲು ಸೇರುತ್ತದೆ. ಕೂತಲ್ಲೇ ಕಲ್ಪಿಸಿ ಬರೆಯುವಂಥದ್ದಲ್ಲ ಇದು. ಆ ದಾರಿಯಲ್ಲಿ ಕಾಲು ನೋಯಿಸಿಕೊಂಡ ಯಾರೋ ಹೇಳಿ ಬರೆಸಿರಬೇಕು.

18ನೇ ಅಧ್ಯಾಯಕ್ಕೆ ಬಂದರೆ ಬೆನ್ಯಾಮೀನ್ ಕುಲದ ದಕ್ಷಿಣದ ಎಲ್ಲೆ ಸಿಗುತ್ತದೆ. ಅದೇ ಗೆರೆ, ಆದರೆ ಪಶ್ಚಿಮದಿಂದ ಪೂರ್ವಕ್ಕೆ. ಅದೇ ಬುಗ್ಗೆಗಳು, ಅದೇ ಕಣಿವೆ, ಅದೇ ಬಂಡೆ, ಹಿಂದುಮುಂದಾದ ಕ್ರಮದಲ್ಲಿ. ಅಕ್ಕಪಕ್ಕದ ಇಬ್ಬರು ಹಿಡುವಳಿದಾರರ ಪತ್ರಗಳಂತೆ ಎರಡೂ ಚೆನ್ನಾಗಿ ತಾಳೆಯಾಗುತ್ತವೆ. ಇಷ್ಟು ನಿಗಾ ಎಲ್ಲ ಕಡೆಯೂ ಇಲ್ಲ. ಉತ್ತರದ ಇಸ್ಸಾಕಾರ್ ಕುಲಕ್ಕೆ ಬಹುಮಟ್ಟಿಗೆ ಊರುಗಳ ಹೆಸರಷ್ಟೇ. ಸಿಮೆಯೋನ್ ಕುಲಕ್ಕಂತೂ ಸ್ವಂತ ಎಲ್ಲೆಯೇ ಇಲ್ಲ. ಯೆಹೂದಕ್ಕೆ ಪಾಲು ಹೆಚ್ಚಾಯಿತೆಂದು ಅದರ ಒಳಗೇ ಒಂದಿಷ್ಟು ಊರು ಬಿಡಿಸಿಕೊಟ್ಟಿದ್ದಾರೆ.

ಜೆರುಸಲೇಮಿನ ಬಳಿ ಗೆರೆ ಅಷ್ಟು ಸೂಕ್ಷ್ಮವಾಗಲು ಕಾರಣ ಊರೇ. ಎಲ್ಲೆ ನಗರದ ದಕ್ಷಿಣಕ್ಕೆ ಹಾಯುವುದರಿಂದ ಲೆಕ್ಕಕ್ಕೆ ಜೆರುಸಲೇಮ್ ಬೆನ್ಯಾಮೀನರದು, ಅವರ ಊರುಗಳ ಪಟ್ಟಿಯಲ್ಲಿ ಹೆಸರೂ ಇದೆ. ಆದರೆ ಯೆಹೂದದ ಅಧ್ಯಾಯದ ಕೊನೆಯ ವಚನ, ಅಲ್ಲಿದ್ದ ಯೆಬೂಸಿಯರನ್ನು ಹೊರಡಿಸಲು ಯೆಹೂದ್ಯರಿಂದ ಆಗಲಿಲ್ಲ ಎನ್ನುತ್ತದೆ. ಮುಂದೆ ನ್ಯಾಯಸ್ಥಾಪಕರ ಗ್ರಂಥದ ಮೊದಲ ಅಧ್ಯಾಯ ಹೆಚ್ಚುಕಡಿಮೆ ಅದೇ ಮಾತನ್ನು ಬೆನ್ಯಾಮೀನರ ಮೇಲೆ ಹಾಕುತ್ತದೆ. ಒಂದೇ ಊರು ಇಬ್ಬರಿಗೂ ದಕ್ಕಲಿಲ್ಲ, ಇಬ್ಬರ ಹೆಸರಿಗೂ ಆ ಸೋಲು ದಾಖಲಾಯಿತು. ಕೊನೆಗೆ ಅದನ್ನು ಹಿಡಿದವನು ದಾವೀದ. ಹಿಡಿದವನೇ ತನ್ನ ಹೆಸರಿಟ್ಟು ದಾವೀದನಗರ ಎಂದ. ಈ ಅಧ್ಯಾಯಗಳನ್ನು ಇಂದಿನ ಜಗಳಕ್ಕೆ ಹಕ್ಕುಪತ್ರದ ಹಾಗೆ ಎತ್ತಿ ತೋರಿಸುವವರು ಸೋಲು ಹೇಳುವ ಆ ಎರಡು ವಚನಗಳನ್ನೂ ಜೊತೆಗೆ ಓದಬೇಕು.

ಹಂಚಿಕೆಯ ರೀತಿ ಮಾತ್ರ ಮೆಚ್ಚುವಂಥದ್ದು. ಶಿಲೋವಿನಲ್ಲಿ ಸಭೆ ಸೇರಿದಾಗ ಏಳು ಕುಲಗಳಿಗೆ ಇನ್ನೂ ಸ್ವಾಸ್ತ್ಯ ಸಿಕ್ಕಿರಲಿಲ್ಲ. ಕುಲಕ್ಕೆ ಮೂವರಂತೆ ಆರಿಸಿ, ನಾಡಿನಲ್ಲಿ ತಿರುಗಾಡಿ ಬನ್ನಿ ಎಂದು ಇಸ್ರಾಯೇಲ್ಯರ ನಾಯಕ ಯೆಹೋಶುವ ಕಳಿಸುತ್ತಾನೆ. ಅವರು ಊರೂರಿನ ಲೆಕ್ಕ ಹಿಡಿದು ನೆಲವನ್ನು ಏಳು ಪಾಲು ಮಾಡಿ ಪುಸ್ತಕದಲ್ಲಿ ಬರೆದು ತರುತ್ತಾರೆ. ಆಮೇಲೆ ಚೀಟು. ಮೋಜಣಿ ಮೊದಲು, ಚೀಟು ನಂತರ ಎಂಬ ಈ ಕ್ರಮದಲ್ಲಿ ಜಾಣತನವಿದೆ: ಪಾಲು ಮಾಡುವವನಿಗೆ ತನ್ನ ಪಾಲು ಯಾವುದೆಂದು ಗೊತ್ತಿಲ್ಲ.

ಆದರೂ ತಕರಾರು ತಪ್ಪಲಿಲ್ಲ. ಯೋಸೇಫನ ವಂಶದವರು, ನಾವು ಇಷ್ಟು ಜನ, ನಮಗೆ ಒಂದೇ ಪಾಲೇ ಎಂದು ಬಂದರು. ಬೆಟ್ಟದ ಕಾಡು ಕಡಿದು ಜಾಗ ಮಾಡಿಕೊಳ್ಳಿ ಎಂದ ಯೆಹೋಶುವ. ಬಯಲಿನ ಕಾನಾನ್ಯರ ಬಳಿ ಕಬ್ಬಿಣದ ರಥಗಳಿವೆ ಎಂದು ಅವರು ಗೊಣಗಿದರು. ಕಾಲೇಬನ ಮಗಳು ಅಕ್ಷಾ ಇವರಿಗಿಂತ ಚುರುಕು. ಕತ್ತೆಯಿಂದ ಇಳಿದವಳೇ, ಕೊಟ್ಟ ನೆಲ ಬೆಂಗಾಡು, ನೀರೂ ಬೇಕು ಎಂದು ಅಪ್ಪನನ್ನು ಕೇಳಿ ಮೇಲಿನ ಬುಗ್ಗೆ, ಕೆಳಗಿನ ಬುಗ್ಗೆ ಎರಡನ್ನೂ ಪಡೆದಳು. ದಾನ್ ಕುಲದವರಿಗೆ ಕರಾವಳಿಯ ಕಡೆ ಬಂದ ಪಾಲು ದಕ್ಕಲೇ ಇಲ್ಲ. ಅವರು ಉತ್ತರದ ತುದಿಗೆ ಹೋಗಿ, ತಮ್ಮ ಪಾಡಿಗೆ ತಾವಿದ್ದ ಲಯಿಷ್ ಊರಿನವರನ್ನು ಕೊಂದು, ಊರು ಸುಟ್ಟು, ಮತ್ತೆ ಕಟ್ಟಿ ದಾನ್ ಎಂದು ಹೆಸರಿಟ್ಟರು. ಅದನ್ನು ಹೇಳುವ ಅಧ್ಯಾಯದಲ್ಲಿ ಹೊಗಳಿಕೆಯ ಒಂದು ಮಾತೂ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸುವುದು ಚಲ್ಪಹಾದನ ಐವರು ಹೆಣ್ಣುಮಕ್ಕಳ ಸಂಗತಿ. ಮನಸ್ಸೆ ಕುಲದ ಚಲ್ಪಹಾದನಿಗೆ ಗಂಡುಮಕ್ಕಳಿರಲಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಮಕ್ಕಳು ಮೋಶೆಯ ಮುಂದೆಯೇ ನಿಂತು ಅಪ್ಪನ ಪಾಲು ತಮಗೆ ಬರಬೇಕೆಂದು ವಾದಿಸಿ ಗೆದ್ದಿದ್ದರು. ಕುಲದ ಹಿರಿಯರು ಸುಮ್ಮನಿರಲಿಲ್ಲ. ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನೆಲವೂ ಅತ್ತ ಹೋದೀತು ಎಂದು ಹಟ ಹಿಡಿದು, ಸ್ವಕುಲದಲ್ಲೇ ಮದುವೆ ಎಂಬ ಕಟ್ಟು ಹಾಕಿಸಿದರು. ಹಂಚಿಕೆಯ ಹೊತ್ತಿಗೆ ಐವರೂ ಬಂದು ಮೋಶೆಗೆ ಕೊಟ್ಟ ಅಪ್ಪಣೆಯನ್ನು ನೆನಪಿಸಿ ಪಾಲು ತೆಗೆದುಕೊಂಡರು.

ಇದು ಬರೀ ಕಥೆಯಾಗಿಯೇ ಉಳಿಯುತ್ತಿತ್ತೋ ಏನೋ. 1910ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ ಸಮಾರ್ಯದ ಅರಮನೆಯ ಜಾಗ ಅಗೆದಾಗ ಶಾಯಿಯಲ್ಲಿ ಬರೆದ ಮಡಕೆಚೂರುಗಳು ಸಿಕ್ಕವು. ಕ್ರಿ.ಪೂ. 8ನೇ ಶತಮಾನದವು, ಇಂಥ ವರ್ಷ, ಇಂಥ ಕಡೆಯಿಂದ, ಇಂಥವನಿಗೆ ಒಂದು ಕೊಡ ಹಳೆಯ ದ್ರಾಕ್ಷಾರಸ ಅಥವಾ ಒಳ್ಳೆಯ ಎಣ್ಣೆ ಎಂಬಂಥ ಉಗ್ರಾಣದ ಚೀಟಿಗಳು. ಸರಕು ಬಂದ ಸೀಮೆಗಳ ಹೆಸರು ಅಬೀಯೆಜೆರ್, ಹೇಲೆಕ್, ಶೆಕೆಮ್, ಶೆಮೀದ. ಇವೆಲ್ಲ ಯೆಹೋಶುವ 17ನೇ ಅಧ್ಯಾಯ ಹೇಳುವ ಮನಸ್ಸೆಯ ಗಂಡುಮಕ್ಕಳ ಹೆಸರುಗಳೇ. ಅವುಗಳ ಜೊತೆಗೆ ಇನ್ನೆರಡು ಸೀಮೆಗಳಿವೆ: ನೋವಾ, ಹೊಗ್ಲಾ. ಐವರು ಅಕ್ಕತಂಗಿಯರು ನಿಜಕ್ಕೂ ಇದ್ದರೆಂದು ಇದರಿಂದ ಸಾಬೀತಾಗುವುದಿಲ್ಲ. ಸೀಮೆಯ ಹೆಸರಿನಿಂದಲೇ ಕಥೆ ಹುಟ್ಟಿರಬಹುದು. ಆದರೆ ಆ ಹೆಸರಿನ ನೆಲವಿತ್ತು, ಅದು ಬೆಳೆಯುತ್ತಿತ್ತು, ಅರಮನೆಗೆ ಕೊಡ ಕಳಿಸುತ್ತಿತ್ತು.

ಪಟ್ಟಿಗಳ ಕಾಲದ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಜರ್ಮನಿಯ ಆಲ್ಬ್ರೆಕ್ಟ್ ಆಲ್ಟ್ 1920ರ ದಶಕದಲ್ಲಿ ಎಲ್ಲೆಯ ವರ್ಣನೆಗಳನ್ನೂ ಊರುಗಳ ಪಟ್ಟಿಗಳನ್ನೂ ಬಿಡಿಸಿ ನೋಡಿದರು. ಎಲ್ಲೆಗಳು ರಾಜರಿಗಿಂತ ಹಿಂದಿನವು, ಯೆಹೂದದ ಊರುಗಳ ಪಟ್ಟಿ ಕ್ರಿ.ಪೂ. 7ನೇ ಶತಮಾನದ ಯೋಷೀಯ ರಾಜನ ಆಡಳಿತದ ದಫ್ತರದ್ದು ಎಂದರು. ಕಾಲದ ವಿಷಯದಲ್ಲಿ ಹಲವರು ಒಪ್ಪಲಿಲ್ಲ, ಆದರೆ ಬಿಡಿಸಿ ನೋಡುವ ಕ್ರಮ ಉಳಿಯಿತು. ತೇಪೆ ಹಾಕಿದ ಗುರುತು ಪಠ್ಯದಲ್ಲೇ ಕಾಣುತ್ತದೆ: ಯೆಹೂದದ ದಕ್ಷಿಣ ಸೀಮೆಯ ಒಟ್ಟು ಊರು 29 ಎಂದಿದೆ, ಹೆಸರು ಎಣಿಸಿದರೆ 30 ದಾಟುತ್ತದೆ. ಜಾಗಗಳನ್ನು ಗುರುತಿಸಲು ನೆರವಾದದ್ದು ಅರಬ್ಬಿ ಮಾತಾಡುವ ಹಳ್ಳಿಗರು. 1838ರಲ್ಲಿ ಅಮೆರಿಕದ ಎಡ್ವರ್ಡ್ ರಾಬಿನ್‌ಸನ್, ಅರಬ್ಬಿ ಬಲ್ಲ ಎಲೈ ಸ್ಮಿತ್ ಜೊತೆಗೂಡಿ ಊರೂರಲ್ಲಿ ಹೆಸರು ಕೇಳುತ್ತಾ ಹೋದಾಗ ಬೇತ್‌ಷೆಮೆಷ್ ಐನ್ ಶಮ್ಸ್ ಆಗಿ ಉಳಿದಿತ್ತು. ನೆಫ್ತೋಹದ ಬುಗ್ಗೆಯನ್ನು ಜೆರುಸಲೇಮಿನ ಪಶ್ಚಿಮ ಅಂಚಿನ ಲಿಫ್ತಾದಲ್ಲಿ ಗುರುತಿಸುತ್ತಾರೆ. 1948ರ ಯುದ್ಧದಲ್ಲಿ ಆ ಊರು ಬರಿದಾಯಿತು, ಬುಗ್ಗೆ ಇದೆ.

ಸೆರೆಯಾಗಿ ಬಾಬೆಲಿನಲ್ಲಿದ್ದ ಪ್ರವಾದಿ ಯೆಹೆಜ್ಕೇಲನ ಗ್ರಂಥದ ಕೊನೆಯಲ್ಲಿ ಇನ್ನೊಂದು ಹಂಚಿಕೆಯಿದೆ. ಅಲ್ಲಿ ಬಂಡೆಯಿಲ್ಲ, ಹಳ್ಳವಿಲ್ಲ. ಪೂರ್ವದಿಂದ ಪಶ್ಚಿಮಕ್ಕೆ ನೇರ ಪಟ್ಟೆಗಳು, ಹನ್ನೆರಡು ಕುಲಗಳಿಗೂ ಸಮಪಾಲು, ಅವರ ನಡುವೆ ಮನೆ ಮಾಡಿ ಮಕ್ಕಳು ಪಡೆದ ಪರದೇಶಿಯರಿಗೂ ಪಾಲು. ಯೆಹೂದ ಉತ್ತರಕ್ಕೆ, ಬೆನ್ಯಾಮೀನ್ ದಕ್ಷಿಣಕ್ಕೆ ಬಂದು ಹಳೆಯ ಜಾಗಗಳೇ ಅದಲುಬದಲು. ಪಟ್ಟೆಗಳಲ್ಲಿ ಮೊದಲನೆಯದು ಪಾಲು ಕಳೆದುಕೊಂಡ ದಾನ್ ಕುಲದ್ದು. ಯೆಹೋಶುವನ ಹಂಚಿಕೆಗಿಂತ ಇದು ಎಷ್ಟೋ ನ್ಯಾಯವಾದದ್ದು. ನೆಲದ ಮೇಲೆ ಒಂದು ದಿನವೂ ಜಾರಿಗೆ ಬರಲಿಲ್ಲ.